ಹಗ್ಗ ಎಳೆಯುವ ಮುನ್ನ

ರೋಹಿಣಿ ಮಳೆ ಹನಿಯತೊಡಗಿತೆಂದರೆ ನನ್ನ ವರ್ಕ್‌ಶಾಪಿನ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ತೋಟಕ್ಕೆ ಔಷಧಿ ಹೊಡೆಯುವ ಎಂಜಿನ್‌ಗಳು, ಹುಲ್ಲು ಕೊಚ್ಚುವ ಯಂತ್ರಗಳು, ಹೊಳೆಯಿಂದ ನೀರೆತ್ತುವ ಪುಟ್ಟ ಪಂಪ್‌ಗಳು ಜೀಪಿನಲ್ಲಿ ಬರುತ್ತವೆ, ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಕೂತು ಬರುತ್ತವೆ. ತಂದವರ ಮಾತು ಹೆಚ್ಚುಕಡಿಮೆ ಒಂದೇ: “ಹೋದ ವರ್ಷ ಚೆನ್ನಾಗಿಯೇ ಓಡುತ್ತಿತ್ತು ಮಾರಾಯರೇ. ನಾಡಿದ್ದು ಮರ ಹತ್ತಿ ಔಷಧಿ ಹೊಡೆಯಲು ಕೊನೆಗೌಡ ಬರುತ್ತಾನೆ, ಹೇಗಾದರೂ ಮಾಡಿ ಕೊಡಿ.”

ಮಲೆನಾಡಿನ ಅಡಿಕೆ ತೋಟದಲ್ಲಿ ಎಂಜಿನ್ನಿನ ಬದುಕೇ ಹಾಗೆ. ಕೊಳೆ ರೋಗ ತಗಲದಿರಲೆಂದು ಮುಂಗಾರು ಹಿಡಿಯುವ ಮೊದಲು ಒಮ್ಮೆ, ಆಮೇಲೆ 40–45 ದಿನಕ್ಕೆ ಇನ್ನೊಮ್ಮೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಮಳೆ ಬಿಡದಿದ್ದರೆ ಮೂರನೆಯ ಸಲ. ಅಲ್ಲಿಗೆ ಅದರ ವರ್ಷದ ಕೆಲಸ ಮುಗಿಯಿತು. ಮುಂದಿನ ಎಂಟೊಂಬತ್ತು ತಿಂಗಳು ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಇಟ್ಟುಕೊಂಡು ಕೊಟ್ಟಿಗೆಯ ಮೂಲೆಯಲ್ಲಿ ಕೂರುತ್ತದೆ.

ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಇಂಥವನ್ನೇ ಬಿಚ್ಚಿ ಕೂಡಿಸುತ್ತಿದ್ದೇನೆ. ಸುಮ್ಮನೆ ಕೂತು ಕೆಟ್ಟ ಎಂಜಿನ್‌ಗಳಿಗಿಂತ ಅವಸರದಲ್ಲಿ ಎಬ್ಬಿಸಲು ಹೋಗಿ ಕೆಡಿಸಿದ ಎಂಜಿನ್‌ಗಳನ್ನೇ ಹೆಚ್ಚು ನೋಡಿದ್ದೇನೆ.

ಹೋದ ವರ್ಷ ಒಬ್ಬ ಯುವಕ 163 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್ ತಂದಿದ್ದ. ಅವನ ಅಪ್ಪಯ್ಯನದು. ಅವರು ತೀರಿಕೊಂಡ ಮೇಲೆ ನಾಲ್ಕು ವರ್ಷ ಯಾರೂ ಮುಟ್ಟಿರಲಿಲ್ಲ. ಮೈಲುತುತ್ತದ ನೀಲಿ ಪುಡಿ ಎಂಜಿನ್ನಿನ ತಲೆಯನ್ನು ತಂಪಾಗಿಡುವ ಲೋಹದ ರೆಕ್ಕೆಗಳ ಸಂದಿಯಲ್ಲಿ ಗಟ್ಟಿಯಾಗಿ ಕೂತಿತ್ತು. ಹಿಂದಿನ ದಿನ ಅವನೂ ಪಕ್ಕದ ಮನೆಯವರೂ ಸರದಿಯಲ್ಲಿ ಎಳೆದೂ ಎಳೆದೂ ಸ್ಟಾರ್ಟ್ ಮಾಡುವ ಹಗ್ಗವೇ ಹರಿದುಹೋಗಿತ್ತು. “ಸೀಜ್ ಆಗಿದೆಯಾ ಅಣ್ಣ? ಗುಜರಿಗೆ ಹಾಕಬೇಕಾ?” ಎಂದ. ಸೀಜ್ ಎಂದರೆ ಪಿಸ್ಟನ್ ಒಳಗೇ ಕಚ್ಚಿಕೊಂಡು ನಿಲ್ಲುವುದು. ಕೇಳುವಾಗ ಅವನ ಕೈ ಟ್ಯಾಂಕಿನ ಮೇಲೆಯೇ ಇತ್ತು.

ಇಂಥ ಎಂಜಿನ್ ಸಿಕ್ಕಿದರೆ ಮೊದಲು ಪ್ಲಗ್ ಬಿಚ್ಚುತ್ತೇನೆ. ಆ ರಂಧ್ರದಿಂದ ಟಾರ್ಚ್ ಬಿಟ್ಟು ನೋಡಿದರೆ ಅರ್ಧ ಕಥೆ ಗೊತ್ತಾಗುತ್ತದೆ. ಈ ಎಂಜಿನ್ನಿನ ಬೋರಿನ, ಎಂದರೆ ಪಿಸ್ಟನ್ ಓಡಾಡುವ ಕೊಳವೆಯ, ಒಂದು ಮಗ್ಗುಲಿಗೆ, ಚಹಾ ಕುಡಿದಿಟ್ಟ ಲೋಟದ ಕಲೆಯ ಹಾಗೆ, ತೆಳ್ಳಗೆ ತುಕ್ಕು ಹಿಡಿದಿತ್ತು. ನಿಲ್ಲಿಸಿದ ಹೊತ್ತಿಗೆ ಹೊಗೆ ಹೊರಹೋಗುವ ಬಾಗಿಲು, ಅದೇ ವಾಲ್ವ್, ತೆರೆದೇ ಉಳಿದಿದ್ದರೆ ಮಳೆಗಾಲದ ತೇವದ ಗಾಳಿ ಸೈಲೆನ್ಸರಿನ ಹಾದಿ ಹಿಡಿದು ಒಳಗೇ ಬಂದು ಕೂರುತ್ತದೆ. ಎರಡು ಚಮಚ ಎಂಜಿನ್ ಆಯಿಲ್ ಸುರಿದು, ಬಟ್ಟೆ ಮುಚ್ಚಿ, ರಾತ್ರಿಯಿಡೀ ಹಾಗೆಯೇ ಬಿಟ್ಟೆ. ಬೆಳಿಗ್ಗೆ ಫ್ಲೈವೀಲ್ ಎಂಬ ಭಾರದ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಒಂದಿಷ್ಟು ಮುಂದಕ್ಕೆ, ಒಂದಿಷ್ಟು ಹಿಂದಕ್ಕೆ ಆಡಿಸಿದೆ. ಏಳೆಂಟು ಸಲ ಆದ ಮೇಲೆ ಅದು ಪೂರ್ತಿ ಒಂದು ಸುತ್ತು ತಿರುಗಿತು. ಸೀಜ್ ಆಗಿರಲಿಲ್ಲ.

ಬಲವಾಗಿ ಎಳೆದರೆ ಏನಾಗುತ್ತದೆಂದು ಹೇಳಿಬಿಡುತ್ತೇನೆ. ಎಣ್ಣೆಯಿಲ್ಲದ ಬೋರಿನ ಮೇಲೆ ತುಕ್ಕಿನ ಪುಡಿ ಮರಳುಕಾಗದದ ಕೆಲಸ ಮಾಡುತ್ತದೆ, ಪಿಸ್ಟನ್ನಿನ ರಿಂಗ್‌ಗಳು ಗೀರಿಕೊಳ್ಳುತ್ತವೆ. ಹಳೆಯ ಪೆಟ್ರೋಲಿನ ಅಂಟಿನಿಂದ ವಾಲ್ವ್ ತನ್ನ ಗೈಡಿನಲ್ಲಿ ಕಚ್ಚಿಕೊಂಡಿದ್ದರೆ ಅದನ್ನು ತಳ್ಳುವ ಪುಶ್ ರಾಡ್ ಬಾಗುತ್ತದೆ. ಪೆಟ್ರೋಲ್ ಏರುತ್ತಿಲ್ಲವೆಂದು ಪ್ಲಗ್‌ನ ರಂಧ್ರಕ್ಕೇ ಮತ್ತೆ ಮತ್ತೆ ಪೆಟ್ರೋಲ್ ಸುರಿಯುವವರಿದ್ದಾರೆ. ಉಳಿದಿದ್ದ ಎಣ್ಣೆಯ ಪಸೆಯನ್ನೂ ಅದು ತೊಳೆದುಹಾಕುತ್ತದೆ. ನೂರಿನ್ನೂರು ರೂಪಾಯಿಯ ಕೆಲಸ ಸಾವಿರಗಳಿಗೆ ಏರುವುದು ಇಲ್ಲಿಯೇ.

ಟ್ಯಾಂಕಿನಲ್ಲಿದ್ದುದನ್ನು ಗಾಜಿನ ಬಾಟಲಿಗೆ ಇಳಿಸಿ ಬೆಳಕಿಗೆ ಹಿಡಿದೆ. ಮೇಲೆ ಚಹಾ ಡಿಕಾಕ್ಷನ್ ಬಣ್ಣ, ಕೆಳಗೆ ಬೆರಳಗಲ ಮಸುಕು ನೀರು. ಮೂಗಿಗೆ ಪೆಟ್ರೋಲಿನ ವಾಸನೆಯೇ ಇಲ್ಲ, ಹಳೆಯ ವಾರ್ನಿಷ್ ಡಬ್ಬಿ ತೆರೆದಂತಿತ್ತು. ಬಾಟಲಿಯನ್ನು ಅವನ ಕೈಗೇ ಕೊಟ್ಟೆ, ಕಣ್ಣಾರೆ ನೋಡಲಿ ಎಂದು.

ಪೆಟ್ರೋಲ್ ಹಿಂದೆಯೂ ಹಳತಾಗುತ್ತಿತ್ತು, ಈಗ ಎಥೆನಾಲಿನ ಪಾಲು ಹೆಚ್ಚಿದೆ. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿದ್ದು. ಇಂದು ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ದಿನವೂ ಓಡುವ ಬೈಕಿನಲ್ಲಿ ಅದು ಹಳತಾಗುವ ಮೊದಲೇ ಉರಿದುಹೋಗುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಎಂಜಿನ್ನಿಗೆ ಹಾಗಲ್ಲ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹೀರಿದ ನೀರು ಮಿತಿ ಮೀರಿದಾಗ ಎಥೆನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ. ಕಾರ್ಬ್ಯುರೇಟರಿಗೆ ಮೊದಲು ಇಳಿಯುವುದು ಆ ತಳದ್ದೇ. ನಮ್ಮ ಆಷಾಢದ ಗಾಳಿಯಲ್ಲಿ ತೇವಕ್ಕೇನು ಬರ?

ಕಾರ್ಬ್ಯುರೇಟರಿನ ಬಟ್ಟಲು ಬಿಚ್ಚಿದಾಗ ತಳದಲ್ಲಿ ಹಸಿರು ಹಕ್ಕಳೆ ಕಂಡಿತು. ಮೇನ್ ಜೆಟ್ ಎಂದರೆ ಪೆಟ್ರೋಲನ್ನು ಅಳೆದು ಬಿಡುವ, ಕಿರುಬೆರಳ ಉಗುರಿಗಿಂತ ಚಿಕ್ಕ ಹಿತ್ತಾಳೆಯ ತುಂಡು. ನಡುವಿನ ರಂಧ್ರದಲ್ಲಿ ಬೆಳಕು ಹಾಯಬೇಕು, ಹಾಯಲಿಲ್ಲ. ಇಲ್ಲಿ ಬಹಳ ಜನ ಸೂಜಿಯನ್ನೋ ಗುಂಡುಪಿನ್ನನ್ನೋ ತೂರಿಸಿ ತಪ್ಪು ಮಾಡುತ್ತಾರೆ. ಉಕ್ಕು ಹಿತ್ತಾಳೆಯನ್ನು ಕೆರೆಯುತ್ತದೆ, ರಂಧ್ರ ಕೂದಲೆಳೆಯಷ್ಟು ದೊಡ್ಡದಾದರೂ ಎಂಜಿನ್ ಕಪ್ಪು ಹೊಗೆ ಉಗುಳುತ್ತ ಪೆಟ್ರೋಲ್ ಕುಡಿಯತೊಡಗುತ್ತದೆ. ಕರೆಂಟ್ ವೈರಿನ ತಾಮ್ರದ ಒಂದೇ ಒಂದು ಎಳೆ ತೆಗೆದುಕೊಳ್ಳಿ. ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ, ಗಂಟೆ ಹೊತ್ತು ನೆನೆಯಲು ಬಿಟ್ಟು, ಆ ಎಳೆಯನ್ನು ಮೆಲ್ಲನೆ ಆಡಿಸಿ, ಗಾಳಿ ಊದಿ. ಮತ್ತೆ ಬೆಳಕಿಗೆ ಹಿಡಿಯಿರಿ. ರಂಧ್ರ ದುಂಡಗೆ, ಅಂಚು ಚೊಕ್ಕವಾಗಿ ಕಾಣುವ ತನಕ ಬಿಡಬೇಡಿ. ಪಕ್ಕದ ಪೈಲಟ್ ಜೆಟ್ ಇನ್ನೂ ಸಣ್ಣದು. ಅದನ್ನು ಮರೆತರೆ ಎಂಜಿನ್ ಚೋಕ್ ಹಾಕಿದಾಗ ಮಾತ್ರ ಓಡಿ, ತೆಗೆದೊಡನೆ ನಿಲ್ಲುತ್ತದೆ.

ಇನ್ನು ಉಸಿರು. ಏರ್ ಫಿಲ್ಟರಿನ ಸ್ಪಂಜು ಮುಟ್ಟಿದರೆ ಪುಡಿಯಾಯಿತು. ಸೈಲೆನ್ಸರಿನ ಬಾಯಲ್ಲಿ ಕುಂಬಾರ ಹುಳು ಅಚ್ಚುಕಟ್ಟಾಗಿ ಮಣ್ಣಿನ ಗೂಡು ಕಟ್ಟಿತ್ತು. ಫ್ಲೈವೀಲಿನ ಮುಚ್ಚಳದೊಳಗೆ ಇಲಿ ತಂದು ತುಂಬಿದ ಅಡಿಕೆ ಸಿಪ್ಪೆಯ ನಾರಿತ್ತು. ಅದನ್ನು ತೆಗೆಯದೆ ಓಡಿಸಿದರೆ ತಂಪು ಗಾಳಿ ತಲೆಗೆ ತಲುಪದೆ ಎಂಜಿನ್ ಕಾದು ಸಾಯುತ್ತದೆ. ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲಿನಿಂದ ಸ್ವಿಚ್ಚಿಗೆ ಬರುವ ಸಣ್ಣ ವೈರನ್ನೂ ಇಲಿ ಕಡಿದಿರುತ್ತದೆ. ಅದರ ಬೆತ್ತಲೆ ತುದಿ ಎಂಜಿನ್ನಿನ ಮೈಗೆ ತಗಲಿದರೆ ಸ್ವಿಚ್ ಆಫ್ ಮಾಡಿದಂತೆಯೇ, ಪ್ಲಗ್‌ಗೆ ಕರೆಂಟ್ ಬರುವುದಿಲ್ಲ.

ಪ್ಲಗ್ ಹೊಸದೇ ಹಾಕಿದೆ. ತುದಿಗಳ ನಡುವೆ 0.7 ಮಿಲಿಮೀಟರ್ ಅಂತರ. ಕಿಡಿ ನೋಡುವವರು ಸುತ್ತ ಸುರಿದ ಪೆಟ್ರೋಲನ್ನು ಒರೆಸಿ, ಪ್ಲಗ್ಗನ್ನು ಅದರ ರಂಧ್ರದಿಂದ ದೂರ ಎಂಜಿನ್ನಿನ ಮೈಗೆ ತಾಗಿಸಿಟ್ಟು ನೋಡಿ. ಕೈ ಸುಟ್ಟುಕೊಂಡವರನ್ನು ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತೇನೆ. ಕಿಡಿ ನೀಲಿಯಾಗಿ ಚಟ್ಟೆನ್ನಬೇಕು. ಕೆಂಪಗೆ ಸೊರಗಿದ್ದರೆ ಫ್ಲೈವೀಲಿನಲ್ಲಿರುವ ಮ್ಯಾಗ್ನೆಟ್ಟಿನ ತುಕ್ಕು ಉಜ್ಜಿ, ಕಾಯಿಲಿಗೂ ಅದಕ್ಕೂ ನಡುವೆ ದಪ್ಪ ವಿಸಿಟಿಂಗ್ ಕಾರ್ಡಿನಷ್ಟು ಸಂದು ಬಿಟ್ಟು ಕೂರಿಸಿ.

ಹುಲ್ಲು ಕೊಚ್ಚುವ ಟೂ ಸ್ಟ್ರೋಕ್ ಯಂತ್ರಗಳ ಕಾಯಿಲೆ ಇನ್ನೂ ಸರಳ. ಅವುಗಳ ಕಾರ್ಬ್ಯುರೇಟರಿನಲ್ಲಿ ಹೆಚ್ಚಾಗಿ ಬಟ್ಟಲಿರುವುದಿಲ್ಲ, ಡಯಾಫ್ರಾಮ್ ಎಂಬ ತೆಳುವಾದ ಪೊರೆ ಇರುತ್ತದೆ. ಅದು ಒಣಗಿ ಹಪ್ಪಳದಂತಾದರೆ ತೊಳೆದು ಉಪಯೋಗವಿಲ್ಲ, ಹೊಸ ಕಿಟ್ ಹಾಕಿ. ಪೆಟ್ರೋಲಿಗೆ ಬೆರೆಸುವ 2ಟಿ (ಟೂ ಸ್ಟ್ರೋಕ್) ಆಯಿಲ್ ಎಷ್ಟೆಂದು ಯಂತ್ರದ ಪುಸ್ತಕದಲ್ಲಿ ನೋಡಿ. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಎಂದಿದ್ದರೆ 40. ಬರಿಯ ಪೆಟ್ರೋಲ್ ಹಾಕಿ ಓಡಿಸಿದ್ದು ಮಾತ್ರ ನಿಜಕ್ಕೂ ಸೀಜ್ ಆಗಿ ಬರುತ್ತದೆ.

ಮತ್ತೆ ಆ ಯುವಕನ ಎಂಜಿನ್ನಿಗೆ ಬರುತ್ತೇನೆ. ತಳದ ಆಯಿಲ್ ಇಳಿಸಿದರೆ ಹಾಲು ಬೆರೆಸಿದ ಕಾಫಿಯಂತಿತ್ತು, ಎಂದರೆ ನೀರು ಸೇರಿದೆ. ಹೊಸ ಆಯಿಲ್ 600 ಮಿಲಿ, ಒಂದು ಲೋಟ ತಾಜಾ ಪೆಟ್ರೋಲ್, ಹೊಸ ಹಗ್ಗ. ಕಿಡಿ ಬಾರದಂತೆ ಸ್ವಿಚ್ ಆಫ್ ಇಟ್ಟು, ಎಣ್ಣೆ ಎಲ್ಲೆಡೆ ಹರಡಲೆಂದು ನಿಧಾನವಾಗಿ ಹತ್ತು ಸಲ ತಿರುಗಿಸಿದೆ. ಆಮೇಲೆ ಹಗ್ಗವನ್ನು ಅವನ ಕೈಗೆ ಕೊಟ್ಟೆ. ಮೂರನೆಯ ಎಳೆತಕ್ಕೆ ಕೆಮ್ಮಿತು, ನಾಲ್ಕನೆಯದಕ್ಕೆ ಬಿಳಿ ಹೊಗೆ ಉಗುಳಿ ಹಿಡಿದುಕೊಂಡಿತು. ಬೋರಿನಲ್ಲಿದ್ದ ಎಣ್ಣೆ ಉರಿದು ಹೊಗೆ ತಿಳಿಯಾಗಲು ಐದು ನಿಮಿಷ ಬೇಕಾಯಿತು. ಅಷ್ಟೂ ಹೊತ್ತು ಅವನು ಒಂದು ಮಾತೂ ಆಡದೆ ಅದರ ಸದ್ದು ಕೇಳುತ್ತ ನಿಂತಿದ್ದ.

ಎತ್ತಿಡುವುದು ಹೇಗೆಂದು ಕೇಳಿದ. ಕೊನೆಯ ಔಷಧಿ ಹೊಡೆದ ದಿನವೇ ಮೈಲುತುತ್ತವನ್ನು ತೊಳೆದು ಒಣಗಿಸಿ, ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರಿನದೂ ತೀರಿ ತಾನಾಗಿ ನಿಲ್ಲುವ ತನಕ ಓಡಿಸು. ಪ್ಲಗ್ ಬಿಚ್ಚಿ ಒಂದು ಚಮಚ ಆಯಿಲ್ ಬಿಡು. ಪ್ಲಗ್ ಹಾಕಿ, ಹಗ್ಗವನ್ನು ಮೆಲ್ಲನೆ ಎಳೆದು ಬಿಗಿ ಹತ್ತಿದಲ್ಲಿ ನಿಲ್ಲಿಸು, ಆಗ ಎರಡೂ ವಾಲ್ವ್ ಮುಚ್ಚಿರುತ್ತವೆ. ಸೈಲೆನ್ಸರಿನ ಬಾಯಿಗೆ ಬಟ್ಟೆ ಕಟ್ಟು ಎಂದೆ. ಚೌತಿ ಕಳೆದ ವಾರ ಫೋನ್ ಮಾಡಿ, ಬಿಗಿ ಹತ್ತಿದ್ದು ಸರಿಯಾಗಿದೆಯೇ ಎಂದು ಹಗ್ಗ ಕೈಯಲ್ಲಿ ಹಿಡಿದುಕೊಂಡೇ ಕೇಳಿದ.