ಮಳೆ ಕೈಕೊಟ್ಟರೆ ಯುದ್ಧ ಶುರುವಾಗುತ್ತದೆಯೇ?

ಓದುಗರ ಪ್ರಶ್ನೆ: ಮುಂದಿನ ಯುದ್ಧಗಳೆಲ್ಲ ನೀರಿಗಾಗಿಯೇ ನಡೆಯುತ್ತವೆ ಎಂದು ಓದುತ್ತಲೇ ಇರುತ್ತೇವೆ. ಸಿರಿಯಾ, ಸುಡಾನಿನ ಡಾರ್ಫರ್‌ಗಳಲ್ಲಿ ರಕ್ತ ಹರಿಯಲು ಹವಾಮಾನ ಬದಲಾವಣೆಯೇ ಕಾರಣ ಎನ್ನುವವರೂ ಇದ್ದಾರೆ. ಇದರಲ್ಲಿ ನಿಜವೆಷ್ಟು?

ಉತ್ತರ: ಹವಾಮಾನದ ಪಾತ್ರವಿದೆ. ಆದರೆ ಅದು ಸಾಮಾನ್ಯವಾಗಿ ಅಂದುಕೊಂಡಿರುವುದಕ್ಕಿಂತ ಸಣ್ಣದು, ಬಳಸುದಾರಿಯಲ್ಲಿ ಬರುವಂಥದ್ದು. ಒಣಗಿದ ಹೊಲಕ್ಕೂ ಸಿಡಿದ ಬಂದೂಕಿಗೂ ನಡುವೆ ಡೀಸೆಲ್ ದರ, ಕಾಲುವೆಯ ತೂಬು, ಜಾನುವಾರು ಸಂತೆ, ಸರ್ಕಾರದ ಒಂದು ಆದೇಶ, ಹೀಗೆ ಹಲವು ಕೊಂಡಿಗಳಿರುತ್ತವೆ. ಯಾವ ಕೊಂಡಿ ಕಳಚಿತು ಎಂದು ನೋಡದೆ ಎಲ್ಲವನ್ನೂ ಮಳೆಯ ತಲೆಗೆ ಕಟ್ಟಿದರೆ, ಅದನ್ನು ಕಳಚಿದವರು ಲೆಕ್ಕ ಕೊಡದೆ ಪಾರಾಗುತ್ತಾರೆ. ಈ ಪ್ರಶ್ನೆಗೆ ಎಚ್ಚರದಿಂದ ಉತ್ತರಿಸಬೇಕಾಗಿರುವುದು ಅದಕ್ಕಾಗಿಯೇ.

ಮೊದಲು ದೇಶ-ದೇಶಗಳ ಯುದ್ಧವನ್ನೂ ದೇಶದೊಳಗಿನ ಹಿಂಸೆಯನ್ನೂ ಬೇರೆ ಮಾಡಿ ನೋಡೋಣ.

ದೇಶಗಳ ನಡುವೆ

ನೀರಿಗಾಗಿಯೇ ಎರಡು ರಾಜ್ಯಗಳು ಹೋರಾಡಿದ್ದಕ್ಕೆ ಪದೇ ಪದೇ ಕೊಡುವ ಉದಾಹರಣೆ ಸುಮಾರು 4,500 ವರ್ಷ ಹಳೆಯದು. ಈಗಿನ ದಕ್ಷಿಣ ಇರಾಕಿನಲ್ಲಿದ್ದ ಲಗಾಶ್ ಮತ್ತು ಉಮ್ಮಾ ನಗರರಾಜ್ಯಗಳು ಒಂದು ಫಲವತ್ತಾದ ಬಯಲು ಮತ್ತು ಅದರ ಕಾಲುವೆಗಳಿಗಾಗಿ ಕಾದಾಡಿದವು. ಆಧುನಿಕ ಕಾಲದ ಲೆಕ್ಕ ಬೇರೆಯದೇ ಚಿತ್ರ ಕೊಡುತ್ತದೆ. ಅಮೆರಿಕದ ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯದ ಆರನ್ ವುಲ್ಫ್ ಮತ್ತು ಸಂಗಡಿಗರು 1948ರಿಂದ 1999ರವರೆಗೆ ಗಡಿ ದಾಟಿ ಹರಿಯುವ ನದಿಗಳ ಬಗ್ಗೆ ದೇಶಗಳ ನಡುವೆ ನಡೆದ 1,831 ಘಟನೆಗಳನ್ನು ಪಟ್ಟಿ ಮಾಡಿದರು. ಅವುಗಳಲ್ಲಿ ಮೂರನೇ ಎರಡರಷ್ಟು ಸಹಕಾರದ ಘಟನೆಗಳು. ಹಿಂಸೆಗೆ ತಿರುಗಿದ್ದು 37 ಮಾತ್ರ, ಅದರಲ್ಲೂ 30 ಇಸ್ರೇಲ್ ಮತ್ತು ಅದರ ನೆರೆಯ ದೇಶಗಳ ನಡುವಿನವು.

ಇದಕ್ಕೆ ಕಾರಣ ದೇಶಗಳ ಒಳ್ಳೆಯತನವಲ್ಲ, ನೀರಿನ ಭಾರ. ಒಂದು ಘನ ಮೀಟರ್ ನೀರೆಂದರೆ ಒಂದು ಟನ್. ಗೆದ್ದು ಹೊತ್ತು ತರಲು ಅದು ಚಿನ್ನವಲ್ಲ. ಒಂದು ಟನ್ ಗೋಧಿ ಬೆಳೆಯಲು ಸುಮಾರು ಸಾವಿರ ಟನ್ ನೀರು ಬೇಕು. ಹಾಗಾಗಿ ಒಂದು ಹಡಗು ಗೋಧಿ ತರಿಸಿಕೊಂಡ ದೇಶ ಸಾವಿರ ಹಡಗು ನೀರನ್ನು ಉಳಿಸಿಕೊಂಡಂತೆ. ಜೋರ್ಡಾನನ್ನು ನೋಡಿ. ತಲಾ ವಾರ್ಷಿಕ ನೀರು 500 ಘನ ಮೀಟರ್‌ಗಿಂತ ಕಡಿಮೆಯಾದರೆ ತಜ್ಞರು ಅದನ್ನು ತೀವ್ರ ಅಭಾವ ಎನ್ನುತ್ತಾರೆ. ಜೋರ್ಡಾನಿನಲ್ಲಿ ಅದು 100ಕ್ಕೂ ಕಡಿಮೆ. ಆದರೂ ಆ ದೇಶ ನೀರಿಗಾಗಿ ಯುದ್ಧಕ್ಕೆ ಹೋಗಿಲ್ಲ. ತನಗೆ ಬೇಕಾದ ಗೋಧಿಯ ಬಹುಪಾಲನ್ನು ಹೊರಗಿನಿಂದ ತರಿಸುತ್ತದೆ. 1994ರ ಶಾಂತಿ ಒಪ್ಪಂದದ ಪ್ರಕಾರ ವರ್ಷವೂ ಒಂದಿಷ್ಟು ನೀರನ್ನು ಇಸ್ರೇಲಿನಿಂದಲೇ ಪಡೆಯುತ್ತದೆ.

ಸಿಂಧೂ ನದಿ ಒಪ್ಪಂದದ ಕಥೆಯನ್ನೂ ಇಲ್ಲೇ ಹೇಳಬೇಕು. 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ಸಹಿಯಾದ ಅದು 1965, 1971, 1999ರ ಯುದ್ಧಗಳ ನಡುವೆಯೂ ಮುರಿಯಲಿಲ್ಲ. 2025ರ ಏಪ್ರಿಲ್‌ನಲ್ಲಿ ಭಾರತ ಅದನ್ನು ತಡೆಹಿಡಿದದ್ದು ಪಹಲ್ಗಾಮ್ ಭಯೋತ್ಪಾದಕ ದಾಳಿಯ ಬೆನ್ನಿಗೆ, ಬರದ ಬೆನ್ನಿಗಲ್ಲ. ಜಗಳ ಬೇರೆ ಕಡೆ ಹುಟ್ಟಿತ್ತು, ನೀರು ಅದರ ಕೈಗೆ ಸಿಕ್ಕಿತು. ದೇಶಗಳ ನಡುವೆ ಹೆಚ್ಚಾಗಿ ನಡೆಯುವುದು ಹೀಗೆಯೇ.

ದೇಶದ ಒಳಗೆ

ಹವಾಮಾನದ ಏಟು ನಿಜವಾಗಿ ಬೀಳುವುದು ಇಲ್ಲಿ. ದಾರಿ ಹೀಗಿರುತ್ತದೆ: ಮಳೆಯಾಶ್ರಿತ ಬೇಸಾಯವೇ ಬದುಕಾಗಿರುವ ಕಡೆ ಮಳೆ ತಪ್ಪಿದರೆ ಕೂಲಿ ಸಿಗುವುದಿಲ್ಲ. ಮೇವು ಮುಗಿದಾಗ ಎಲ್ಲರೂ ಒಟ್ಟಿಗೆ ದನ ಮಾರಲು ಬರುತ್ತಾರೆ, ಜಾನುವಾರಿನ ದರ ಬೀಳುತ್ತದೆ. ಅದೇ ಹೊತ್ತಿಗೆ ಧಾನ್ಯದ ದರ ಏರುತ್ತದೆ. ಒಂದು ಮೇಕೆ ಮಾರಿದರೆ ಮೊದಲು ಸಿಗುತ್ತಿದ್ದ ಜೋಳದಲ್ಲಿ ಅರ್ಧವೂ ಸಿಗದಂತಾದಾಗ, ಊಟ ಮತ್ತು ಸಂಬಳ ಕೊಡುವ ಸಶಸ್ತ್ರ ಗುಂಪಿಗೆ ಹುಡುಗರು ಸಿಗುವುದು ಸುಲಭವಾಗುತ್ತದೆ. ಸೊಮಾಲಿಯಾದ ಬರ ಮತ್ತು ಜಾನುವಾರು ದರಗಳ ಅಧ್ಯಯನ ಕಂಡದ್ದು ಇದೇ ದಾರಿಯನ್ನು. ಆದರೆ ಗಮನಿಸಿ: ಹುಡುಗರನ್ನು ಸೇರಿಸಿಕೊಳ್ಳಲು ಒಂದು ಗುಂಪು ಮೊದಲೇ ಇರಬೇಕು. ಬರ ಗುಂಪನ್ನು ಹುಟ್ಟಿಸುವುದಿಲ್ಲ.

ಸಿರಿಯಾದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಅತಿ ಹೆಚ್ಚು ತಿರುಚಲಾದ ಉದಾಹರಣೆ ಅದೇ. 2006-07ರ ನಂತರ ಈಶಾನ್ಯ ಸಿರಿಯಾದಲ್ಲಿ ಸತತ ಬರ ಬಂದದ್ದು ನಿಜ. ಅಂಥ ಮೂರು ವರ್ಷದ ಬರದ ಸಾಧ್ಯತೆಯನ್ನು ಮಾನವಕೃತ ತಾಪಮಾನ ಏರಿಕೆ ಎರಡು-ಮೂರು ಪಟ್ಟು ಹೆಚ್ಚಿಸಿತ್ತು ಎಂದು 2015ರ ಒಂದು ಅಧ್ಯಯನ ಹೇಳಿತು. ಬರದಿಂದ 15 ಲಕ್ಷ ಜನ ಗುಳೆ ಹೋದರು, ನಗರಗಳು ತುಂಬಿದವು, ದಂಗೆ ಎದ್ದಿತು ಎಂಬ ಕಥೆ ಅಲ್ಲಿಂದ ಎಲ್ಲೆಡೆ ಹಬ್ಬಿತು.

ಈಗ ನಡುವಿನ ಕೊಂಡಿಗಳನ್ನು ನೋಡಿ. ಈಶಾನ್ಯದಲ್ಲಿ ಗೋಧಿ, ಹತ್ತಿ ಬೆಳೆಯಲು ಸರ್ಕಾರವೇ ದಶಕಗಳ ಕಾಲ ಉತ್ತೇಜನ ಕೊಟ್ಟಿತ್ತು. ಕೊಳವೆಬಾವಿಗಳು ಎಣಿಕೆಗೆ ಸಿಗದಷ್ಟಾಗಿದ್ದವು. ಖಾಬೂರ್ ನದಿಗೆ ನೀರುಣಿಸುವ ರಾಸ್ ಅಲ್-ಐನ್ ಬುಗ್ಗೆಗಳು ಬರಕ್ಕೂ ಮೊದಲೇ, 2000ರ ಆಸುಪಾಸಿನಲ್ಲೇ, ಬೇಸಿಗೆಯಲ್ಲಿ ಬತ್ತತೊಡಗಿದ್ದವು. ಅಂತರ್ಜಲ ಕೆಳಗಿಳಿದಷ್ಟೂ ಪಂಪಿಗೆ ಡೀಸೆಲ್ ಹೆಚ್ಚು ಬೇಕು. ಬರದ ಅತಿ ಕೆಟ್ಟ ಕಾಲದಲ್ಲಿ, 2008ರ ಮೇ ತಿಂಗಳಲ್ಲಿ, ಸರ್ಕಾರ ಡೀಸೆಲ್ ಸಬ್ಸಿಡಿ ಕಡಿದು ಲೀಟರಿಗೆ 7 ಸಿರಿಯನ್ ಪೌಂಡ್ ಇದ್ದ ದರವನ್ನು 25ಕ್ಕೆ ಏರಿಸಿತು. ಮರುವರ್ಷ ರಸಗೊಬ್ಬರದ ಸಬ್ಸಿಡಿಯೂ ಹೋಯಿತು. ಮಳೆಯೂ ಇಲ್ಲ, ಪಂಪು ಓಡಿಸಲು ಹಣವೂ ಇಲ್ಲ. ಎರಡು ಏಟು ಒಟ್ಟಿಗೆ ಬಿದ್ದದ್ದರಿಂದ ಜನ ಎದ್ದು ಹೊರಟರು. ಹಾಗೆ ಹೊರಟವರ ಆಗಿನ ಅಂದಾಜುಗಳು 40ರಿಂದ 60 ಸಾವಿರ ಕುಟುಂಬಗಳ ಸುತ್ತ ಇದ್ದವು. 15 ಲಕ್ಷದ ಅಂಕಿಗೆ ಗಟ್ಟಿ ಆಧಾರವಿಲ್ಲ ಎಂದು 2017ರ ಮರುಪರಿಶೀಲನೆ ತೋರಿಸಿತು. 2011ರ ಮಾರ್ಚ್‌ನಲ್ಲಿ ಪ್ರತಿಭಟನೆ ಭುಗಿಲೆದ್ದ ದರಾ ಇರುವುದು ದೇಶದ ಇನ್ನೊಂದು ಮೂಲೆಯಲ್ಲಿ, ನೈರುತ್ಯದಲ್ಲಿ. ಕಿಡಿ ಹಚ್ಚಿದ್ದು ಗೋಡೆಬರಹಕ್ಕಾಗಿ ಹುಡುಗರನ್ನು ಬಂಧಿಸಿ ಹಿಂಸಿಸಿದ್ದು. ಪ್ರತಿಭಟನೆಯನ್ನು ಯುದ್ಧವಾಗಿಸಿದ್ದು ಜನರ ಮೇಲೆ ಹಾರಿಸಿದ ಗುಂಡು. ಬರ ಈ ಕಥೆಯಲ್ಲಿ ಇದೆ, ಆದರೆ ಅದು ಅಪರಾಧಿಯ ಸ್ಥಾನದಲ್ಲಿಲ್ಲ.

ಡಾರ್ಫರ್‌ನಲ್ಲಿ ಕಾಲದ ಅಂತರವೇ ಅನುಮಾನ ಹುಟ್ಟಿಸಬೇಕು. 2007ರಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಬಾನ್ ಕಿ-ಮೂನ್ ಆ ಸಂಘರ್ಷದ ಬೇರನ್ನು ಹವಾಮಾನದಲ್ಲಿ ಗುರುತಿಸಿದ್ದರು. ಆದರೆ ಅಲ್ಲಿ ಮಳೆ ಕುಸಿದದ್ದು 1970ರ ಆಸುಪಾಸಿನಲ್ಲಿ, ಯುದ್ಧ ಶುರುವಾದದ್ದು 2003ರಲ್ಲಿ. ನಡುವಿನ ಮೂವತ್ತು ವರ್ಷಗಳಲ್ಲಿ ಏನಾಯಿತು? 1971ರಲ್ಲಿ ರಾಜಧಾನಿ ಖಾರ್ಟೂಮಿನ ಸರ್ಕಾರ ಬುಡಕಟ್ಟು ಮುಖ್ಯಸ್ಥರ ಆಡಳಿತ ವ್ಯವಸ್ಥೆಯನ್ನು ರದ್ದು ಮಾಡಿತು. ದನಗಾಹಿಗಳು ಯಾವ ತಿಂಗಳು ಯಾವ ದಾರಿಯಲ್ಲಿ ಹೋಗಬೇಕು, ಹೊಲ ಮೇದರೆ ಎಷ್ಟು ಪರಿಹಾರ ಎಂದು ತೀರ್ಮಾನಿಸುತ್ತಿದ್ದ ಪಂಚಾಯ್ತಿ ಅದೇ ಆಗಿತ್ತು. ಆ ಜಾಗ ತುಂಬಬಲ್ಲಂಥದ್ದೇನೂ ಬರಲಿಲ್ಲ. ಬಂದದ್ದು ನೆರೆಯ ಚಾಡ್ ದೇಶದ ಯುದ್ಧದ ಬಂದೂಕುಗಳು, ಆಮೇಲೆ ಸರ್ಕಾರವೇ ಶಸ್ತ್ರ ಕೊಟ್ಟು ಬಿಟ್ಟ ಜಂಜವೀದ್ ಪಡೆ.

ಉತ್ತರ ಕೆನ್ಯಾದ ಮಾರ್ಸಬಿಟ್ ಸೀಮೆಯಂತೂ ನಮ್ಮ ಊಹೆಯನ್ನೇ ತಲೆಕೆಳಗು ಮಾಡುತ್ತದೆ. ಅಲ್ಲಿ ದನ ಕದಿಯುವ ದಾಳಿಗಳಲ್ಲಿ ಹೆಚ್ಚು ಜನ ಸತ್ತದ್ದು ಬರದ ವರ್ಷಗಳಲ್ಲಲ್ಲ, ಮಳೆ ಚೆನ್ನಾಗಿದ್ದ ವರ್ಷಗಳಲ್ಲಿ. ಯೋಚಿಸಿದರೆ ಅರ್ಥವಾಗುತ್ತದೆ. ಬರದಲ್ಲಿ ಬಾವಿಯಿಂದ ನೀರು ಸೇದುವುದಕ್ಕೇ ದಿನವೆಲ್ಲ ಬೇಕು. ದನ ಸೊರಗಿರುತ್ತವೆ, ಕದ್ದರೂ ದೂರ ಹೊಡೆದುಕೊಂಡು ಹೋಗಲಾಗದು. ನಾಳೆ ಅವರ ಬಾವಿಯ ನೀರು ನಮಗೆ ಬೇಕಾಗಬಹುದು, ಹಾಗಾಗಿ ರಾಜಿಯೇ ವಾಸಿ. ಮಳೆ ಬಂದ ಮೇಲೆ ದನಕ್ಕೆ ಕಸುವು ಬರುತ್ತದೆ, ದಾರಿಯುದ್ದಕ್ಕೂ ನೀರಿರುತ್ತದೆ, ಅಡಗಲು ಪೊದೆಗಳಿರುತ್ತವೆ.

ಅಂಕಿಗಳು ಏನನ್ನುತ್ತವೆ

2019ರಲ್ಲಿ ಪರಸ್ಪರ ಒಪ್ಪದ 11 ತಜ್ಞರನ್ನು ಕೂರಿಸಿ ಅಂದಾಜು ಕೇಳಲಾಯಿತು. ಕಳೆದ ಶತಮಾನದ ಸಶಸ್ತ್ರ ಸಂಘರ್ಷದ ಅಪಾಯದಲ್ಲಿ ಹವಾಮಾನ ಪ್ರಭಾವಿಸಿದ ಪಾಲು ಶೇ. 3ರಿಂದ 20ರ ನಡುವೆ ಎಂದು ಅವರ ಉತ್ತರಗಳು ಬಂದವು. ಅದಕ್ಕಿಂತ ದೊಡ್ಡ ಕಾರಣಗಳು: ಬಡತನ, ಕೈಲಾಗದ ಸರ್ಕಾರ, ಸಮುದಾಯಗಳ ನಡುವಿನ ಅಸಮಾನತೆ, ಇತ್ತೀಚೆಗಷ್ಟೇ ನಡೆದ ಹಿಂಸೆ. ತಾಪಮಾನ 2 ಡಿಗ್ರಿ ಏರಿದರೆ ಸಂಘರ್ಷದ ಅಪಾಯ ಗಣನೀಯವಾಗಿ ಹೆಚ್ಚುವ ಸಾಧ್ಯತೆ ಶೇ. 13, 4 ಡಿಗ್ರಿ ಏರಿದರೆ ಶೇ. 26 ಎಂದೂ ಅವರು ಅಂದಾಜಿಸಿದರು. ಈ ಎರಡನೇ ಜೋಡಿ ಅಂಕಿಗಳು ಚಿಂತೆಗೆ ಈಡುಮಾಡುವಂಥವು. ಇಂದಿನ ಪಾಲು ಸಣ್ಣದು ಎಂಬುದನ್ನು ನಾಳೆಗೂ ಅನ್ವಯಿಸುವಂತಿಲ್ಲ.

ಒಂದು ಎಚ್ಚರಿಕೆ. ಈ ಕ್ಷೇತ್ರದ ಅಧ್ಯಯನಗಳು ಕೆನ್ಯಾ, ಸುಡಾನಿನಂಥ ಕೆಲವೇ ದೇಶಗಳ ಸುತ್ತ, ಅದೂ ಈಗಾಗಲೇ ಹಿಂಸೆ ಇರುವ ಕಡೆಗಳ ಸುತ್ತ ಗಿರಕಿ ಹೊಡೆದಿವೆ. ಬರ ಬಂದೂ ಶಾಂತವಾಗಿ ಉಳಿದ ಊರುಗಳನ್ನು ಹೋಗಿ ನೋಡಿದವರು ಕಡಿಮೆ. ಆದ್ದರಿಂದ ಸುದ್ದಿ ಓದುವಾಗ ನೀವೇ ಕೇಳಿಕೊಳ್ಳಿ: ಮಳೆ ಕುಸಿದ ವರ್ಷಕ್ಕೂ ಹಿಂಸೆ ಶುರುವಾದ ವರ್ಷಕ್ಕೂ ಎಷ್ಟು ಅಂತರ? ಅದೇ ಬರ ಬಡಿದ ಪಕ್ಕದ ಜಿಲ್ಲೆಯಲ್ಲೂ ಗುಂಡು ಹಾರಿತೇ? ಆ ಎರಡು-ಮೂರು ವರ್ಷಗಳಲ್ಲಿ ಸರ್ಕಾರ ಯಾವ ದರ, ಯಾವ ಹಕ್ಕು ಬದಲಿಸಿತು? ಆಯುಧ ಎಲ್ಲಿಂದ ಬಂತು? ನಾಲ್ಕನೆಯದನ್ನು ವರದಿಗಳು ಮರೆಯುವುದೇ ಹೆಚ್ಚು.

ಬಾಣ ತಿರುಗುವುದೂ ಉಂಟು. ಯುದ್ಧವೇ ನೀರಿನ ಅಭಾವ ತರುತ್ತದೆ. 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ವಶಪಡಿಸಿಕೊಂಡ ಮೇಲೆ, ಅದಕ್ಕೆ ಸುಮಾರು ಶೇ. 85ರಷ್ಟು ನೀರು ಒದಗಿಸುತ್ತಿದ್ದ ಕಾಲುವೆಯನ್ನು ಉಕ್ರೇನ್ ಮುಚ್ಚಿತು. 2023ರ ಜೂನ್ 6ರಂದು, ಯುದ್ಧದ ನಡುವೆ, ಉಕ್ರೇನಿನ ಕಖೋವ್ಕಾ ಅಣೆಕಟ್ಟು ಒಡೆಯಿತು. ಅಣೆಕಟ್ಟು, ಕುಡಿಯುವ ನೀರಿನ ವ್ಯವಸ್ಥೆಗಳಿಗೆ ಜಿನೀವಾ ಒಪ್ಪಂದಗಳ 1977ರ ಮೊದಲ ಪ್ರೋಟೋಕಾಲ್ ರಕ್ಷಣೆ ಕೊಟ್ಟಿದೆ. ಕಾಗದದ ಮೇಲೆ.

ಎಲ್ಲಿ ಕೆಡುತ್ತದೆ, ಎಲ್ಲಿ ನಿಲ್ಲುತ್ತದೆ

2021ರ ಏಪ್ರಿಲ್ ಕೊನೆಯಲ್ಲಿ ಕಿರ್ಗಿಸ್ತಾನ್-ತಜಿಕಿಸ್ತಾನ್ ಗಡಿಯಲ್ಲಿ, ಇಸ್ಫಾರಾ ನದಿಯ ನೀರು ಹಂಚುವ ಕಟ್ಟೆಯ ಬಳಿ ತಜಿಕ್ ಕಡೆಯವರು ಕಣ್ಗಾವಲು ಕ್ಯಾಮೆರಾ ಅಳವಡಿಸಲು ಬಂದರು. ಕಲ್ಲು ತೂರಾಟದಿಂದ ಶುರುವಾಗಿ ಸೇನೆಗಳವರೆಗೆ ಹೋಗಿ 50ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಗಡಿಯೇ ಪೂರ್ತಿ ಗುರುತಾಗಿರಲಿಲ್ಲ, ಕಟ್ಟೆ ಯಾರದು ಎಂಬುದೇ ವಿವಾದವಾಗಿತ್ತು. ನೀರಿನ ಪ್ರಮಾಣಕ್ಕಿಂತ ತೂಬಿನ ಕೀಲಿ ಯಾರ ಕೈಯಲ್ಲಿ ಎಂಬುದೇ ದೊಡ್ಡದಾಯಿತು.

ಹೆಲ್ಮಂಡ್ ನದಿಯ 1973ರ ಒಪ್ಪಂದ ಇನ್ನೊಂದು ಬಗೆ. ಸಾಮಾನ್ಯ ವರ್ಷದಲ್ಲಿ ಅಫ್ಘಾನಿಸ್ತಾನ ಇರಾನಿಗೆ ಸೆಕೆಂಡಿಗೆ ಸರಾಸರಿ 26 ಘನ ಮೀಟರ್, ಅಂದರೆ ವರ್ಷಕ್ಕೆ ಸುಮಾರು 82 ಕೋಟಿ ಘನ ಮೀಟರ್ ಬಿಡಬೇಕು. ಹರಿವು ಕುಸಿದರೆ ಅದೇ ಅನುಪಾತದಲ್ಲಿ ಕಡಿತ. ನಿಯಮ ಚೆನ್ನಾಗಿಯೇ ಇದೆ. ಆದರೆ ವರ್ಷ ಸಾಮಾನ್ಯವೋ ಬರದ್ದೋ ಎಂದು ಹೇಳಬೇಕಾದ್ದು ಅಫ್ಘಾನಿಸ್ತಾನದೊಳಗಿನ ದೆಹ್ರಾವುದ್ ಮಾಪನ ಕೇಂದ್ರ. ನೀರೇ ಇಲ್ಲ ಎಂದು ತಾಲಿಬಾನ್ ಹೇಳಿದರೆ, ನಮ್ಮ ತಜ್ಞರು ಬಂದು ಅಳೆಯಲಿ ಎಂದು ಇರಾನ್ ಪಟ್ಟು ಹಿಡಿಯಿತು. 2023ರ ಮೇ 27ರಂದು ಗಡಿಯಲ್ಲಿ ಗುಂಡಿನ ಚಕಮಕಿ ನಡೆದು ಎರಡೂ ಕಡೆ ಜೀವಹಾನಿಯಾಯಿತು.

ಕೊಲರಾಡೊ ನದಿಯಲ್ಲಿ ಇದನ್ನು ಬೇರೆ ರೀತಿ ಮಾಡಿದ್ದಾರೆ. 1944ರ ಒಪ್ಪಂದದಂತೆ ಅಮೆರಿಕ ಮೆಕ್ಸಿಕೋಗೆ ವರ್ಷಕ್ಕೆ ಸುಮಾರು 185 ಕೋಟಿ ಘನ ಮೀಟರ್ ಕೊಡಬೇಕು. ಕೊರತೆಯ ವರ್ಷದಲ್ಲಿ ಎಷ್ಟು ಎಂಬ ಪಟ್ಟಿಯನ್ನು ಎರಡೂ ದೇಶಗಳು ಮೊದಲೇ ಬರೆದಿಟ್ಟುಕೊಂಡಿವೆ, 2017ರಲ್ಲಿ ಅದನ್ನು ನವೀಕರಿಸಿದವು. ಅಳತೆಗೋಲು ಆ ನದಿಯ ಮೀಡ್ ಜಲಾಶಯದ ನೀರಿನ ಮಟ್ಟ. ಅದು ಎಲ್ಲರಿಗೂ ಕಾಣುವ ಅಂಕಿ. ಮಟ್ಟ 1,075 ಅಡಿಗಿಂತ ಕೆಳಗಿಳಿಯುತ್ತದೆ ಎಂದು 2021ರ ಆಗಸ್ಟ್‌ನಲ್ಲಿ ಅಂದಾಜು ಪ್ರಕಟವಾಯಿತು. ಪಟ್ಟಿಯಲ್ಲಿದ್ದ ಕಡಿತ 2022ರ ಜನವರಿಯಿಂದ ಜಾರಿಗೆ ಬಂತು, ಅಮೆರಿಕದ ರಾಜ್ಯಗಳಿಗೂ, ಮೆಕ್ಸಿಕೋಗೂ.