62 ಎಚ್‌ಆರ್‌ಸಿ ಅಂದ ಮಾತ್ರಕ್ಕೆ ಚಾಕು ಮೊಂಡಾಗಲ್ವಾ?

ಪ್ರಶ್ನೆ: ಒಂದು ಒಳ್ಳೆಯ ಮಡಿಚುವ ಚಾಕು ತಗೋಬೇಕು ಸರ್. ಎಂ390, ಎಸ್90ವಿ, ಮ್ಯಾಗ್ನಾಕಟ್, ಮ್ಯಾಕ್ಸಮೆಟ್, ಈ ಉಕ್ಕುಗಳಲ್ಲಿ ಯಾವುದರ ಹರಿತ ಜಾಸ್ತಿ ದಿನ ಬರುತ್ತದೆ? ಎಚ್‌ಆರ್‌ಸಿ (ಗಡಸುತನದ ಅಂಕ) ಯಾವುದರದ್ದು ಜಾಸ್ತಿಯೋ ಅದನ್ನೇ ತಗೊಂಡರೆ ಸಾಕಲ್ವಾ?

ಉತ್ತರ: ಪ್ರಶ್ನೆಯ ಮೊದಲರ್ಧ ಚೆನ್ನಾಗಿದೆ. ಎರಡನೇ ಅರ್ಧಕ್ಕೆ ಉತ್ತರ ಹೇಳಿ ಹೇಳಿ ಚಾಕುವಿನದ್ದಲ್ಲ, ನನ್ನ ಬಾಯಿಯೇ ಮೊಂಡಾಗಿದೆ. ಇರಲಿ, ಇನ್ನೊಂದು ಸಲ ಹೇಳೋಣ.

ಮೊದಲು ನೇರ ಉತ್ತರ. ಕೊರಿಯರ್ ಡಬ್ಬ, ಗೋಣಿಚೀಲ, ಹಗ್ಗದಂಥ ಒರಟು ಸಾಮಾನು ಕೊಯ್ಯುವ ಲೆಕ್ಕದಲ್ಲಿ, ನೀವು ಹೆಸರಿಸದ ರೆಕ್ಸ್ 121 ಅನ್ನೋ ಉಕ್ಕು ಎಲ್ಲಕ್ಕಿಂತ ಮುಂದೆ. ಅದರ ಹಿಂದೆ ಮ್ಯಾಕ್ಸಮೆಟ್, 10ವಿ, ಕೆ390, ಎಸ್90ವಿ ಒಂದು ಗುಂಪು. ಆಮೇಲೆ ಎಂ390, ಮ್ಯಾಗ್ನಾಕಟ್, ಎಸ್30ವಿ. ಅವುಗಳ ಹಿಂದೆ 154ಸಿಎಂ. ಕೊನೆಗೆ 14ಸಿ28ಎನ್ ತರಹದ ಸಾದಾ ಸ್ಟೇನ್‌ಲೆಸ್ ಉಕ್ಕುಗಳು. ಇಷ್ಟೇ ಬೇಕಿದ್ದವರು ಇಲ್ಲಿಗೇ ಓದು ನಿಲ್ಲಿಸಬಹುದು.

ಈಗ ಆ ಎಚ್‌ಆರ್‌ಸಿ ಕಥೆ. ಆನ್‌ಲೈನ್ ಅಂಗಡಿಯಲ್ಲಿ ಯಾವ ಚಾಕು ನೋಡಿದರೂ "60-62 ಎಚ್‌ಆರ್‌ಸಿ" ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಬೇರೆ ಯಾವ ಸಂಖ್ಯೆಯೂ ಇರಲ್ಲ. ಹಾಗಾಗಿ ಹರಿತದ ಮಾರ್ಕ್ಸ್ ಕಾರ್ಡ್ ಅಂದರೆ ಇದೇ ಅಂತ ಜನ ನಂಬಿಬಿಟ್ಟಿದ್ದಾರೆ. ಅಲ್ಲ ಸ್ವಾಮಿ, ಅಲ್ಲ.

ರಾಕ್‌ವೆಲ್ ಸಿ ಪರೀಕ್ಷೆಯಲ್ಲಿ (ಈ ಅಂಕ ಬರುವುದು ಇದರಿಂದಲೇ) ವಜ್ರದ ಮೊನೆಯೊಂದನ್ನು 150 ಕೆ.ಜಿ. ಭಾರದಲ್ಲಿ ಉಕ್ಕಿನೊಳಕ್ಕೆ ಒತ್ತುತ್ತಾರೆ. ಎಷ್ಟು ಆಳದ ಗುಳಿ ಉಳಿಯಿತು ಅಂತ ಅಳೆಯುತ್ತಾರೆ. ಮುಗೀತು. 60 ಎಚ್‌ಆರ್‌ಸಿ ಅಂದರೆ ಗುಳಿಯ ಆಳ 0.08 ಮಿ.ಮೀ., ಅಂದರೆ 80 ಮೈಕ್ರಾನ್. ಒತ್ತಿದರೆ ಉಕ್ಕು ಎಷ್ಟು ತಗ್ಗುತ್ತದೆ ಅನ್ನೋದನ್ನು ಇದು ಸರಿಯಾಗಿಯೇ ಹೇಳುತ್ತದೆ. ಉಜ್ಜಿದರೆ ಎಷ್ಟು ಸವೆಯುತ್ತದೆ ಅನ್ನೋದು ಬೇರೆಯೇ ವಿಷಯ. ಹೊಸದಾಗಿ ಮಸೆದ ಚಾಕುವಿನ ಬಾಯಿಯ ದಪ್ಪ ಒಂದು ಮೈಕ್ರಾನ್ ಆಸುಪಾಸು. ಉಕ್ಕಿನೊಳಗಿನ ಕಾರ್ಬೈಡ್ ಕಣಗಳು (ಲೋಹ ಮತ್ತು ಕಾರ್ಬನ್ ಕೂಡಿ ಆದ ಗಟ್ಟಿ ಚೂರುಗಳು) ಎರಡು ಮೂರು ಮೈಕ್ರಾನ್. ಸವೆತದ ಜಗಳ ನಡೆಯುವುದು ಆ ಮಟ್ಟದಲ್ಲಿ. 80 ಮೈಕ್ರಾನ್ ಗುಳಿ ತೋಡುವ ಪರೀಕ್ಷೆಗೆ ಅದು ಎಲ್ಲಿ ಕಾಣಬೇಕು?

ಆ ಜಗಳ ಎಂಥದ್ದು ಅಂತ ನೋಡಿ. ರಟ್ಟು ಮೆತ್ತಗಿರುತ್ತದೆ, ನಿಜ. ಅದರಲ್ಲಿ ಸಿಕ್ಕಿಕೊಂಡ ಧೂಳು, ಮರಳಿನ ಚೂರು ಮೆತ್ತಗಿರಲ್ಲ. ವಿಕರ್ಸ್ ಅನ್ನೋ ಗಡಸುತನದ ಇನ್ನೊಂದು ಅಳತೆಯಲ್ಲಿ ಮರಳಿನ ಗಡಸುತನ ಸುಮಾರು 1000. ಹದ ಮಾಡಿದ 60 ಎಚ್‌ಆರ್‌ಸಿ ಉಕ್ಕಿನದು ಸುಮಾರು 700. ಅಂದಮೇಲೆ ಬರೀ ಉಕ್ಕನ್ನು ಮರಳು ಗೀರಿಯೇ ಗೀರುತ್ತದೆ. 64ಕ್ಕೆ ಏರಿಸಿದರೆ 800 ಆಗುತ್ತದೆ, ಆಗಲೂ ಗೀರುತ್ತದೆ. ಸಾದಾ ಕಾರ್ಬನ್ ಉಕ್ಕಿನಲ್ಲಿರುವ ಕಬ್ಬಿಣದ ಕಾರ್ಬೈಡ್ ಮರಳಿಗೆ ಸರಿಸಾಟಿ, ಹೆಚ್ಚೇನಿಲ್ಲ. ಕ್ರೋಮಿಯಂ ಕಾರ್ಬೈಡ್ ಸುಮಾರು 1500. ವನೇಡಿಯಂ ಕಾರ್ಬೈಡ್ ಸುಮಾರು 2800. ಇದರ ಮೇಲೆ ಮರಳಿನ ಆಟ ನಡೆಯಲ್ಲ. ಮಳೆಗಾಲ ಕಳೆದ ಮೇಲೆ ಡಾಂಬರು ರಸ್ತೆ ನೋಡಿರುತ್ತೀರಲ್ಲ, ಡಾಂಬರು ಕೊಚ್ಚಿಹೋಗಿ ಜಲ್ಲಿ ಮಾತ್ರ ಎದ್ದು ನಿಂತಿರುತ್ತದೆ. ಚಾಕುವಿನ ಬಾಯಲ್ಲಿ ಆಗುವುದೂ ಅದೇ, ಇಲ್ಲಿ ಕಾರ್ಬೈಡೇ ಜಲ್ಲಿ. ಯಾವ ಜಲ್ಲಿ, ಎಷ್ಟು ಜಲ್ಲಿ ಅನ್ನೋದೇ ಪ್ರಶ್ನೆ.

"ಇದೆಲ್ಲ ಥಿಯರಿ ಸರ್" ಅನ್ನುವವರಿಗೆ ಪ್ರಯೋಗದ ಲೆಕ್ಕವೂ ಇದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಕ್ಯಾಟ್ರಾ ಅಂತ ಒಂದು ಸಂಸ್ಥೆ. ಅವರ ಯಂತ್ರ ಶೇ. 5 ಸಿಲಿಕಾ (ಮರಳಿನ ಪುಡಿ) ಬೆರೆಸಿದ ಕಾರ್ಡಿನ ಕಟ್ಟನ್ನು ಚಾಕುವಿನ ಬಾಯಿಗೆ ಒತ್ತಿ ಹಿಡಿದು 60 ಸಲ ಹಿಂದಕ್ಕೂ ಮುಂದಕ್ಕೂ ಆಡಿಸುತ್ತದೆ. ಒಟ್ಟು ಎಷ್ಟು ಮಿ.ಮೀ. ಕಾರ್ಡ್ ಕೊಯ್ದಿತೋ ಅದೇ ಆ ಚಾಕುವಿನ ಅಂಕ. ಅಮೆರಿಕದ ಲೋಹತಜ್ಞ ಲಾರಿನ್ ಥಾಮಸ್ ಸಾಲು ಸಾಲು ಉಕ್ಕುಗಳನ್ನು ಈ ಯಂತ್ರಕ್ಕೆ ಕೊಟ್ಟು ಒಂದು ಸೂತ್ರವನ್ನೇ ಕಟ್ಟಿದ್ದಾರೆ. 2021ರಲ್ಲಿ ಬಂದ ಮ್ಯಾಗ್ನಾಕಟ್ ಉಕ್ಕು ಇವರದೇ ಕೂಸು. ಅವರ ಸೂತ್ರದಲ್ಲಿ ಒಂದು ಎಚ್‌ಆರ್‌ಸಿ ಏರಿದರೆ ಸಿಗುವುದು ಸುಮಾರು 16 ಮಿ.ಮೀ. ವನೇಡಿಯಂ ಕಾರ್ಬೈಡ್ ಶೇ. 1ರಷ್ಟು ಏರಿದರೆ ಸುಮಾರು 26. ಕ್ರೋಮಿಯಂ ಕಾರ್ಬೈಡ್ ಆದರೆ 11.

ಈಗ ನೀವೇ ಕೂಡಿ ಕಳೆಯಿರಿ. ಎಸ್90ವಿಯಲ್ಲಿ ವನೇಡಿಯಂ ಕಾರ್ಬೈಡ್ ಸುಮಾರು ಶೇ. 9. ಒಂಬತ್ತು ಇಪ್ಪತ್ತಾರಲೆ 234. ಇಷ್ಟನ್ನು ಬರೀ ಗಡಸುತನದಿಂದ ಗಿಟ್ಟಿಸಬೇಕು ಅಂದರೆ ಸಾದಾ ಉಕ್ಕನ್ನು ಹೆಚ್ಚುಕಮ್ಮಿ 15 ಎಚ್‌ಆರ್‌ಸಿ ಮೇಲಕ್ಕೆ ಒಯ್ಯಬೇಕು. 60 ಇದ್ದದ್ದು 75 ಆಗಬೇಕು! ಅಂಥ ಚಾಕು ಎಲ್ಲೂ ಇಲ್ಲ. ರೆಕ್ಸ್ 121 ಕೂಡ 70ರ ಹತ್ತಿರ ಬಂದು ನಿಲ್ಲುತ್ತದೆ. "ನೋಡಿ, ಅದು 70 ಇರೋದಕ್ಕೇ ಗೆದ್ದಿದ್ದು" ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಅದರಲ್ಲಿ ಶೇ. 3.4 ಕಾರ್ಬನ್, ಶೇ. 9.5 ವನೇಡಿಯಂ ಇದೆ ಮಾರಾಯ್ರೆ. ಮುಕ್ಕಾಲು ಗೆಲುವು ಆ ಜಲ್ಲಿಯದ್ದು.

ಇದಾದ ಮೇಲೆ ತಪ್ಪದೆ ಬರುವ ಇನ್ನೊಂದು ಮಾತು: "ನಮ್ಮೂರ ಕಮ್ಮಾರರು ಹಳೇ ಅರದಲ್ಲಿ ಮಾಡಿಕೊಟ್ಟ ಚಾಕು ಇವಕ್ಕೆಲ್ಲ ನೀರು ಕುಡಿಸುತ್ತದೆ." ಅರದ ಗಡಸುತನ 65ರ ಆಸುಪಾಸು, ಒಪ್ಪಿದೆ. ಆ ಚಾಕು ಚೆನ್ನಾಗಿಯೂ ಇರಬಹುದು. ಬಾಯಿ ತೆಳ್ಳಗೆ ನಿಲ್ಲುತ್ತದೆ, ಕಲ್ಲಿಗೆ ನಾಲ್ಕು ಸಲ ತೀಡಿದರೆ ಮತ್ತೆ ಹರಿತ. ಆದರೆ ಅದರೊಳಗೆ ಇರುವುದು ಬರೀ ಕಬ್ಬಿಣದ ಕಾರ್ಬೈಡ್. ರಟ್ಟು ಕೊಯ್ಯುವ ಪಂದ್ಯಕ್ಕೆ ನಿಲ್ಲಿಸಿದರೆ 60ರ ಎಸ್90ವಿ ಎದುರು ಸೋಲುತ್ತದೆ. ಜಪಾನಿನ ಶಿರೊಗಾಮಿ ಅನ್ನೋ ಸಾದಾ ಕಾರ್ಬನ್ ಉಕ್ಕಿನ ಅಡುಗೆಚಾಕುಗಳ ಕಥೆಯೂ ಇದೇ. 64 ಇದ್ದರೂ ಅವುಗಳ ಹೆಚ್ಚುಗಾರಿಕೆ ನಯವಾದ ಹರಿತದಲ್ಲಿದೆ.

ಗಡಸುತನ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಮೆತ್ತನೆಯ ಉಕ್ಕಿನ ಬಾಯಿ ಸವೆಯುವ ಮೊದಲೇ ಒಂದು ಕಡೆಗೆ ಮಡಚಿಕೊಳ್ಳುತ್ತದೆ. ಒಂದೇ ಉಕ್ಕಿನ ಎರಡು ಚಾಕು ಹೋಲಿಸುವಾಗ ಎಚ್‌ಆರ್‌ಸಿ ಖಂಡಿತ ನೋಡಿ. ಬೇರೆ ಬೇರೆ ಉಕ್ಕು ಹೋಲಿಸುವಾಗ ಅದನ್ನು ಹಿಡಿದುಕೊಂಡು ಕೂರಬೇಡಿ, ಅಷ್ಟೇ.

ಉಕ್ಕಿಗಿಂತ ದೊಡ್ಡ ವ್ಯತ್ಯಾಸ ತರುವುದು ಬಾಯಿಯ ಕೋನ. ಅದನ್ನು ಯಾರೂ ಕೇಳಲ್ಲ. ಒಂದೊಂದು ಬದಿಗೆ 20 ಡಿಗ್ರಿ ಇರುವ ದುಬಾರಿ ಚಾಕುವನ್ನು 15ಕ್ಕೆ ಮಸೆದ ಸಾಧಾರಣ ಚಾಕು ಎಷ್ಟೋ ಸಲ ಹಿಂದೆ ಹಾಕುತ್ತದೆ. ನಿಮ್ಮ ಚಾಕುವಿನ ಸ್ಥಿತಿ ತಿಳಿಯಲು ಬಾಯಿ ಮೇಲೆ ಮಾಡಿ ಬಲ್ಬಿನ ಕೆಳಗೆ ಹಿಡಿದು ನಿಧಾನಕ್ಕೆ ವಾಲಿಸಿ. ಹರಿತವಾದ ಬಾಯಿ ಕಣ್ಣಿಗೆ ಕಾಣಲ್ಲ, ಕಪ್ಪಾಗಿಯೇ ಇರುತ್ತದೆ. ಮೊಂಡಾದ ಜಾಗದಲ್ಲಿ ಕೂದಲೆಳೆಯಂಥ ಬಿಳಿ ಗೆರೆ ಮಿಂಚುತ್ತದೆ. ಮುಕ್ಕಾದ ಕಡೆ ಚುಕ್ಕೆ ಹೊಳೆಯುತ್ತದೆ. ಗೆರೆ ಕಂಡರೆ ಸವೆದಿದೆ ಅಥವಾ ಮಡಚಿಕೊಂಡಿದೆ. ಚುಕ್ಕೆ ಕಂಡರೆ ನೀವು ಅದರಲ್ಲಿ ಎಳನೀರು ಕೆತ್ತಿದ್ದೀರಿ. ಜಲ್ಲಿ ಜಾಸ್ತಿ ಇರುವ ಉಕ್ಕು ಏಟು ತಡೆಯಲ್ಲ.

ಮಸೆಯುವ ಕಷ್ಟವನ್ನೂ ಹೇಳಿಬಿಡುತ್ತೇನೆ. ಮಾಮೂಲಿ ಮಸೆಗಲ್ಲಿನ ಅಲ್ಯೂಮಿನಿಯಂ ಆಕ್ಸೈಡ್ ವನೇಡಿಯಂ ಕಾರ್ಬೈಡ್‌ಗಿಂತ ಮೆತ್ತಗೆ. ಗಂಟೆಗಟ್ಟಲೆ ಉಜ್ಜಿ ಬೈದುಕೊಳ್ಳುವ ಬದಲು ವಜ್ರದ ಪುಡಿ ಕೂರಿಸಿದ ಪ್ಲೇಟು ತಗೊಳ್ಳಿ. ಸೈಕಲ್ ಸಾಣೆಯವರ ಕೈಗೆ ಮಾತ್ರ ಕೊಡಬೇಡಿ. ನೀರಿಲ್ಲದೆ ತಿರುಗುವ ಚಕ್ರಕ್ಕೆ ತೆಳು ಬಾಯಿ ಕಾದು ಹದವೇ ಹೋಗುತ್ತದೆ. ಇನ್ನು ಮಂಗಳೂರು, ಕಾರವಾರದ ಕಡೆಯವರು ಮ್ಯಾಕ್ಸಮೆಟ್, 10ವಿ, ಕೆ390 ತಗೊಳ್ಳುವ ಮೊದಲು ಯೋಚಿಸಿ. ಇವುಗಳಲ್ಲಿ ಕ್ರೋಮಿಯಂ ಶೇ. 4-5ರ ಆಸುಪಾಸು ಅಷ್ಟೇ. ಬೆವರಿದ ಜೇಬಲ್ಲಿಟ್ಟರೂ ತುಕ್ಕು ಹಿಡಿಯುತ್ತವೆ. ಅಲ್ಲಿಗೆ ಎಸ್90ವಿ ಅಥವಾ ಮ್ಯಾಗ್ನಾಕಟ್ ಸರಿ.

ಕೇಳದೇ ಇದ್ದರೂ ಒಂದು ಮಾತು. ಇಷ್ಟು ಓದಿದವರಿಗೆ "ಹಾಗಾದರೆ ನಮ್ಮ ಹಳೇ ಉಕ್ಕು?" ಅನ್ನಿಸಿಯೇ ಇರುತ್ತದೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಇಲ್ಲಿ ಉಕ್ಕು ಮಾಡುವ ಕುಲುಮೆಗಳನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ದಕ್ಷಿಣ ಭಾರತದ ಇಂಥ ಮೂಸೆ ಉಕ್ಕೇ ಹೊರದೇಶಕ್ಕೆ ಹೋಗಿ ಡಮಾಸ್ಕಸ್ ಕತ್ತಿ ಅಂತ ಹೆಸರಾಯಿತು. ಅದರ ಮೈಮೇಲಿನ ಅಲೆಅಲೆ ಗೆರೆಗಳು ಕಬ್ಬಿಣದ ಕಾರ್ಬೈಡ್ ಸಾಲುಗಟ್ಟಿದ್ದರಿಂದ ಮೂಡಿದವು. ಹಾಗೆ ಸಾಲುಗಟ್ಟಲು ಅದಿರಿನಿಂದ ಬಂದ ಚಿಟಿಕೆ ವನೇಡಿಯಂ, ಶೇ. 0.01ಕ್ಕೂ ಕಮ್ಮಿ, ಸಾಕಾಗುತ್ತದೆ ಅಂತ ತೋರಿಸಿದವರು ಅಮೆರಿಕದ ಲೋಹತಜ್ಞ ವೆರ್‌ಹೂವನ್ ಮತ್ತು ಕಮ್ಮಾರ ಪೆಂಡ್ರೆ. ಅವರು ಈ ಉಕ್ಕನ್ನು ಅದೇ ಕ್ಯಾಟ್ರಾ ಯಂತ್ರಕ್ಕೂ ಕೊಟ್ಟರು. 61 ಎಚ್‌ಆರ್‌ಸಿಗೆ ಹದ ಮಾಡಿದಾಗ ಅದು ಇವತ್ತಿನ ಬೇರಿಂಗ್ ಉಕ್ಕು 52100ಕ್ಕಿಂತ ಸ್ವಲ್ಪ ಹಿಂದೆ ಬಿತ್ತು. ಎಲ್ಲವನ್ನೂ 41ಕ್ಕೆ ಇಳಿಸಿದಾಗ ಮಾತ್ರ ಡಮಾಸ್ಕಸ್ ಮುಂದಾಯಿತು. ಹಳೇ ಕತ್ತಿಗಳು ಇವತ್ತಿನ ಚಾಕುವಿನಷ್ಟು ಗಡುಸಾಗಿರುತ್ತಿರಲಿಲ್ಲ, ಹಾಗಾಗಿ ಆ ಕಾಲದ ಮಿಕ್ಕ ಕತ್ತಿಗಳೆದುರು ಅದಕ್ಕೆ ಒಳ್ಳೆಯ ಹೆಸರು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಎಸ್90ವಿ ಪಕ್ಕದಲ್ಲಿ ನಿಲ್ಲಿಸಿದರೆ ಪಂದ್ಯವೇ ಅಲ್ಲ ಬಿಡಿ.