ಹೃದಯಾಘಾತದ ನಂತರದ ಕೊರಗು: ತಡವಾಗಿ ಕೇಳಿದ ಪ್ರಶ್ನೆ

ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ಯಜಮಾನರು ಜಗಲಿಯ ಮೂಲೆ ಹಿಡಿದು ಕೂತಿರುತ್ತಾರೆ. ಪೇಪರ್ ಬೇಡ, ವಾಕಿಂಗ್ ಬೇಡ, ಮೊಮ್ಮಗು ಬಂದರೂ ಮಾತಿಲ್ಲ. ಬೆಳಗಿನ ಜಾವ ಮೂರಕ್ಕೇ ಎಚ್ಚರ. "ಅಷ್ಟು ದೊಡ್ಡ ಕಾಯಿಲೆ ಬಂದು ಹೋಗಿದೆ, ಬೇಜಾರು ಇದ್ದೇ ಇರುತ್ತೆ ಬಿಡಿ" ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ. ಬಹಳ ಕಾಲ ವೈದ್ಯರೂ ಹಾಗೆಯೇ ಅಂದುಕೊಂಡಿದ್ದರು.

ಮನಸ್ಸಿನ ನೋವು ಎದೆಗೆ ತಟ್ಟುತ್ತದೆ ಎಂಬುದು ಹೊಸ ಮಾತೇನಲ್ಲ. ರಕ್ತ ಪರಿಚಲನೆಯನ್ನು ವಿವರಿಸಿದ ವಿಲಿಯಂ ಹಾರ್ವೆ 1628ರಲ್ಲೇ ಅದನ್ನು ಬರೆದಿದ್ದ. 1937ರಲ್ಲಿ ಬೆಂಜಮಿನ್ ಮಾಲ್ಜ್‌ಬರ್ಗ್ ನ್ಯೂಯಾರ್ಕ್ ರಾಜ್ಯದ ಮಾನಸಿಕ ಆಸ್ಪತ್ರೆಗಳ ದಾಖಲೆ ತೆಗೆದು ನೋಡಿದಾಗ, ತೀವ್ರ ಖಿನ್ನತೆಯವರಲ್ಲಿ ಹೃದ್ರೋಗದ ಸಾವು ಹೆಚ್ಚಾಗಿ ಕಂಡಿತು. ಆದರೆ 1950ರ ದಶಕದ ಕೊನೆಯಿಂದ ಎಲ್ಲರ ಗಮನ ಸದಾ ಧಾವಂತದಲ್ಲಿರುವ, ಸಿಡುಕುವ 'ಟೈಪ್ ಎ' ಸ್ವಭಾವದವರ ಮೇಲೆ ಬಿತ್ತು. ಸುಮ್ಮನೆ ಕೊರಗುವವರು ಮರೆಗೆ ಸರಿದರು.

ಅವರನ್ನು ಮತ್ತೆ ಬೆಳಕಿಗೆ ತಂದದ್ದು ಕೆನಡಾದ ಮಾಂಟ್ರಿಯಲ್. ಅಲ್ಲಿ ನ್ಯಾನ್ಸಿ ಫ್ರೇಶರ್-ಸ್ಮಿತ್ ಮತ್ತು ಫ್ರಾಂಸ್ವಾ ಲೆಸ್ಪೆರಾನ್ಸ್ ಅವರ ತಂಡ ಹೃದಯಾಘಾತವಾಗಿ 5ರಿಂದ 15 ದಿನ ಕಳೆದಿದ್ದ 222 ರೋಗಿಗಳನ್ನು ಮಾತಾಡಿಸಿತು. 35 ಜನರಿಗೆ ಖಿನ್ನತೆಯಿತ್ತು. ಆರು ತಿಂಗಳಲ್ಲಿ 12 ಮಂದಿ ತೀರಿಕೊಂಡರು: ಆ 35 ಜನರಲ್ಲಿ ಆರು, ಉಳಿದ 187 ಜನರಲ್ಲಿ ಆರು. ಹೃದಯಕ್ಕಾದ ಹಾನಿಯನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ಅಂತರ ಅಳಿಯಲಿಲ್ಲ. 1993ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ನಿಜ. ಆದರೂ "ಬೇಜಾರು ಸಹಜ ಬಿಡಿ" ಎಂಬ ಮಾತಿನ ಬುಡ ಅಲ್ಲಾಡಿತು. 2004ರಲ್ಲಿ 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ ಮಾನಸಿಕ ಒತ್ತಡ, ಖಿನ್ನತೆಗಳನ್ನು ಬಿಪಿ, ಶುಗರ್, ಸಿಗರೇಟಿನ ಸಾಲಿನಲ್ಲೇ ಕೂರಿಸಿತು. ಅದರ ಮುಂದಾಳು ಸಲೀಂ ಯೂಸುಫ್ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು.

ಕೊರಗು ಎದೆಗೆ ಇಳಿಯುವ ದಾರಿ ಒಂದೇ ಅಲ್ಲ. ಒತ್ತಡದ ಹಾರ್ಮೋನುಗಳು ಏರುತ್ತವೆ, ಉರಿಯೂತ ಹೆಚ್ಚುತ್ತದೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಬೇಗ ಅಂಟಿಕೊಳ್ಳುತ್ತವೆ, ಪರಿಸ್ಥಿತಿಗೆ ತಕ್ಕಂತೆ ಬಡಿತ ಹೊಂದಿಸಿಕೊಳ್ಳುವ ಹೃದಯದ ಶಕ್ತಿ ಕುಗ್ಗುತ್ತದೆ. ಇವೆಲ್ಲಕ್ಕಿಂತ ಕಣ್ಣಿಗೆ ಕಾಣುವುದು ಇನ್ನೊಂದು: ಬದುಕೇ ಬೇಡವೆನಿಸಿದವರು ಮಾತ್ರೆ ತಪ್ಪಿಸುತ್ತಾರೆ, ಬಿಟ್ಟ ಬೀಡಿ ಮತ್ತೆ ಹಚ್ಚುತ್ತಾರೆ.

ಹಾಗಾದರೆ ಖಿನ್ನತೆ ಗುಣವಾದರೆ ಜೀವ ಉಳಿಯುತ್ತದೆಯೇ? ಇಲ್ಲಿ ಉತ್ತರ ತೊಡಕಿನದು. ಖಿನ್ನತೆಗೆ ಕೊಡುವ ಸರ್ಟ್ರಲೀನ್ ಮಾತ್ರೆ ಈ ರೋಗಿಗಳ ಹೃದಯಕ್ಕೆ ಅಪಾಯ ತರುವುದಿಲ್ಲ ಎಂದು 2002ರ ಪ್ರಯೋಗ ತೋರಿಸಿತು. ಮರುವರ್ಷ 2,481 ರೋಗಿಗಳ ದೊಡ್ಡ ಪ್ರಯೋಗದಲ್ಲಿ ಆಪ್ತಸಮಾಲೋಚನೆಯಿಂದ ಮನಸ್ಸು ಸ್ವಲ್ಪ ಹಗುರಾಯಿತು, ಸಾವು ಮಾತ್ರ ಕಡಿಮೆಯಾಗಲಿಲ್ಲ. 2018ರಲ್ಲಿ ಪ್ರಕಟವಾದ ದಕ್ಷಿಣ ಕೊರಿಯಾದ ಅಧ್ಯಯನದಲ್ಲಿ, ಅದೇ ಬಗೆಯ ಎಸಿಟಾಲೋಪ್ರಾಮ್ ಮಾತ್ರೆ ಪಡೆದ ಗುಂಪಿನವರಿಗೆ ಎಂಟು ವರ್ಷಗಳಲ್ಲಿ ಹೃದಯದ ತೊಂದರೆಗಳು ಕಡಿಮೆ ಕಂಡವು. ಆದರೆ ಅದು ಕೇವಲ 300 ಜನರದು. ಹೃದಯಕ್ಕೆ ಲಾಭವಿರಲಿ ಬಿಡಲಿ, ಖಿನ್ನತೆಯೇ ಒಂದು ಕಾಯಿಲೆ, ಅದಕ್ಕೆ ಮದ್ದು ಸಿಗಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಮಾತ್ರೆ ಯಾವುದು ಎಂಬುದನ್ನು ವೈದ್ಯರೇ ಹೇಳಬೇಕು: ಹಳೆಯ ಟ್ರೈಸೈಕ್ಲಿಕ್ ಮಾತ್ರೆಗಳು ಬಡಿತದ ಲಯ ಕೆಡಿಸಬಹುದು, ಹೊಸವು ಆಸ್ಪಿರಿನ್ ಜೊತೆ ಸೇರಿದರೆ ರಕ್ತಸ್ರಾವದ ಭಯವಿದೆ.

ಹೃದ್ರೋಗಿಗಳೆಲ್ಲರನ್ನೂ ಖಿನ್ನತೆಯ ಬಗ್ಗೆ ವಿಚಾರಿಸಿ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಶನ್ 2008ರಲ್ಲಿ ಸಲಹೆ ಕೊಟ್ಟಿತು. ಶುರುವಿಗೆ ಎರಡೇ ಪ್ರಶ್ನೆ. ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿತಾ? ಮನಸ್ಸು ಕುಗ್ಗಿ, ದಾರಿಯೇ ಕಾಣದಂತಾಯಿತಾ? ಜಗಲಿಯಲ್ಲಿ ಕೂತವರನ್ನು ಮಗಳೂ ಕೇಳಬಹುದು. ಹೌದು ಎಂದರೆ, ಮುಂದಿನ ಬಾರಿ ಇಸಿಜಿ ತೆಗೆಸಲು ಹೋದಾಗ ಡಾಕ್ಟರ ಮುಂದೆ ಅದನ್ನೂ ಹೇಳಿ. ಅಷ್ಟು ದಿನ ಕಾಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು.